ಈರುಳ್ಳಿ ತೋರಿಸಿದರೆ ‘ಉ’ ಎನ್ನುತ್ತಾಳೆ. ಚಿತ್ರಪುಸ್ತಕದಿಂದ ಓದು ಬರುತ್ತದೆಯೇ, ಕೆಡುತ್ತದೆಯೇ?

ಗುಳೇದಗುಡ್ಡದ ಅವ್ವ
ಎಲ್ಲರಿಗೂ ನಮಸ್ಕಾರ. ಮಗಳಿಗೆ ಐದೂವರೆ ವರ್ಷ. ರಾತ್ರಿ ಒಂದು ಚಿತ್ರಪುಸ್ತಕ ಓದಿ ಹೇಳದಿದ್ದರೆ ಮಲಗುವುದಿಲ್ಲ. ಮನೆಯಲ್ಲಿ ಹನ್ನೊಂದು ಪುಸ್ತಕ ಇವೆ, ಹನ್ನೊಂದೂ ಬಾಯಿಪಾಠ. ನಾನು ಪುಟ ತಿರುವುವುದರೊಳಗೆ ಮುಂದಿನ ಸಾಲು ಹೇಳಿಬಿಡುತ್ತಾಳೆ. ಓದು ಬಂತೆಂದು ನಾನು ಹಿಗ್ಗಿ ಊರಿಗೆಲ್ಲ ಹೇಳಿದ್ದೂ ಆಯಿತು. ಮೊನ್ನೆ ನನ್ನ ಮೈದುನ ಬಂದವನು ಚಿತ್ರದ ಮೇಲೆ ಅಂಗೈ ಇಟ್ಟು “ಈಗ ಓದು ನೋಡೋಣ” ಎಂದ. ಒಂದಕ್ಷರ ಹೊರಡಲಿಲ್ಲ. ಕೈ ತೆಗೆದ ಕೂಡಲೇ ಗಡಗಡ ಶುರು.

ಅಕ್ಷರಮಾಲೆಯ ಪುಸ್ತಕದ್ದು ಇನ್ನೊಂದು ಫಜೀತಿ. ‘ಈ’ ಅಕ್ಷರಕ್ಕೆ ಈರುಳ್ಳಿಯ ಚಿತ್ರ ಹಾಕಿದ್ದಾರೆ. ಇವಳು ಬೆರಳಿಟ್ಟು “ಉ, ಉಳ್ಳಾಗಡ್ಡಿ” ಎನ್ನುತ್ತಾಳೆ. ‘ಹ’ಕ್ಕೆ ಹಸು ಇದೆ, ಅದು “ಆ, ಆಕಳು”. ‘ಏ’ಗೆ ಏಣಿ, ಅದು “ನಿ, ನಿಚ್ಚಣಿಕೆ”. ಋಷಿಯ ಚಿತ್ರ ಬಂದಾಗ “ಅಜ್ಜಾವರು” ಎಂದು ಕೈ ಮುಗಿದಳು. ನಗುವೂ ಬಂತು, ಹೆದರಿಕೆಯೂ ಆಯಿತು. ಚಿತ್ರಪುಸ್ತಕಗಳನ್ನು ಕಪಾಟಿನಲ್ಲಿಟ್ಟು ಬರೀ ಅಕ್ಷರ ತಿದ್ದಿಸಲೇ? ಮೈದುನ ಹೇಳುವುದು ಅದನ್ನೇ.

ಇಳಕಲ್ ಸೆರಗು
ಅಜ್ಜಾವರಿಗೆ ಕೈ ಮುಗಿದದ್ದರಲ್ಲಿ ಏನು ತಪ್ಪಿದೆ ಅಕ್ಕಾ? ಕೂಸಿಗೆ ಮಠ ಗೊತ್ತು, ಚಿತ್ರ ಬರೆದವರಿಗೆ ಗೊತ್ತಿಲ್ಲ ಅಷ್ಟೆ.

ಜಮಖಂಡಿ ಮನೆಪಾಠ
ನಿಮ್ಮ ಮೈದುನ ಹೇಳಿದ್ದು ಸರಿ. ಹದಿನಾಲ್ಕು ವರ್ಷದಿಂದ ಮನೆಪಾಠ ಹೇಳುತ್ತಿದ್ದೇನೆ. ನಾಲ್ಕನೇ ತರಗತಿಗೆ ಬಂದರೂ ಊಹೆಯ ಮೇಲೆ ಓದುವ ಮಕ್ಕಳು ನನ್ನ ಹತ್ತಿರ ಬರುತ್ತಾರೆ. ಸಾಲಿನಲ್ಲಿ ‘ಕುದುರೆ’ ಎಂದಿರುತ್ತದೆ, ಚಿತ್ರದಲ್ಲಿ ಆ ಕುದುರೆ ಸ್ವಲ್ಪ ಬಡಕಲಾಗಿ ಕಂಡರೆ ‘ಕತ್ತೆ’ ಎಂದು ಓದಿ ಮುಂದೆ ಹೋಗುತ್ತಾರೆ. ‘ಕ’ದಂಥದ್ದು ಏನೋ ಕಂಡಿತು, ಉಳಿದದ್ದನ್ನು ಚಿತ್ರದಿಂದ ತುಂಬಿಕೊಂಡರು. ಕೊಂಬು ನೋಡುವ ಅಭ್ಯಾಸವೇ ಇಲ್ಲ.

ಕನ್ನಡ ಬರೆದ ಹಾಗೆ ಓದುವ ಭಾಷೆ. ಅಕ್ಷರ, ಕಾಗುಣಿತ, ಒತ್ತು ಮೂರು ಬಂದರೆ ಎಂಥ ಪದವನ್ನಾದರೂ ಓದಬಹುದು. ಪಾಟಿ ಕೊಡಿ, ತಿದ್ದಿಸಿ. ಚಿತ್ರ ಆರು ತಿಂಗಳು ಕಪಾಟಿನಲ್ಲಿರಲಿ, ಓಡಿ ಹೋಗುವುದಿಲ್ಲ.

ಅಥಣಿ ಹುಡುಗ
ಚಿತ್ರ ಓಡಿ ಹೋಗುವುದಿಲ್ಲ ಸರ್, ಓದುವ ಆಸೆ ಓಡಿ ಹೋಗುತ್ತದೆ.

ನಲಿಕಲಿ ಅಕ್ಕಾವರು, ಮುದ್ದೇಬಿಹಾಳ ತಾಲ್ಲೂಕು
ತಂಗೀ, ಪುಸ್ತಕವನ್ನು ಕಪಾಟಿಗೆ ಹಾಕಬೇಡಿ. ನಾನು ನಲಿಕಲಿ, ಎಂದರೆ ಸರ್ಕಾರಿ ಶಾಲೆಯ ಸಣ್ಣ ಮಕ್ಕಳಿಗೆ ಕಾರ್ಡು, ಆಟಗಳಿಂದ ಕಲಿಸುವ ಪದ್ಧತಿಯಲ್ಲಿ ಪಾಠ ಮಾಡುವವಳು. ಮನೆಯಲ್ಲಿ ಪುಸ್ತಕವನ್ನೇ ನೋಡದ ಮಕ್ಕಳು ನನ್ನ ತರಗತಿಗೆ ಪ್ರತಿ ಜೂನ್‌ನಲ್ಲಿ ಬರುತ್ತಾರೆ. ಪುಸ್ತಕವನ್ನು ತಲೆಕೆಳಗಾಗಿ ಹಿಡಿಯುತ್ತಾರೆ, ಹಿಂದಿನಿಂದ ತೆರೆಯುತ್ತಾರೆ. ಸಾಲು ಎಡದಿಂದ ಬಲಕ್ಕೆ ಹೋಗುತ್ತದೆ, ನಾವು ಆಡುವ ಮಾತೇ ಆ ಕಪ್ಪು ಗೆರೆಗಳಲ್ಲಿ ಕುಳಿತಿದೆ ಎಂಬುದು ಅವರಿಗೆ ಮುಟ್ಟಲು ತಿಂಗಳುಗಳೇ ಬೇಕು. ನಿಮ್ಮ ಮಗಳು ಅದನ್ನೆಲ್ಲ ನಿಮ್ಮ ತೊಡೆಯ ಮೇಲೆ ಕುಳಿತು ಕಲಿತಾಗಿದೆ.

ಹಾಗೆಂದು ಜಮಖಂಡಿಯ ಸರ್ ಹೇಳಿದ್ದು ಸುಳ್ಳಲ್ಲ. ಬಾಯಿಪಾಠ ಓದಲ್ಲ. ಬಾಯಿಪಾಠದಿಂದ ಓದಿಗೆ ದಾಟಿಸಲು ಅಂಗೈ ಬೇಡ, ಬೆರಳು ಸಾಕು. ಹನ್ನೊಂದರಲ್ಲಿ ಒಂದು ಪುಸ್ತಕ ಆರಿಸಿ, ಒಂದೇ ಪದ ಪುಟಪುಟಕ್ಕೂ ಬರುವಂಥದ್ದು. ‘ಬೆಕ್ಕು’ ಎಂದಿಟ್ಟುಕೊಳ್ಳಿ. ಓದುವಾಗ ಎಲ್ಲ ಪದಗಳ ಕೆಳಗೂ ನಿಮ್ಮ ಬೆರಳು ಸಾಗಲಿ, ‘ಬೆಕ್ಕು’ ಬಂದಲ್ಲಿ ನಿಲ್ಲಿಸಿ, ಅವಳು ಹೇಳಲಿ. ನಾಲ್ಕು ದಿನ ಬಿಟ್ಟು ಅದೇ ಪದವನ್ನು ಚೀಟಿಯ ಮೇಲೆ ಬರೆದು ಕೈಗೆ ಕೊಡಿ, “ಇದು ಪುಸ್ತಕದಲ್ಲಿ ಎಲ್ಲೆಲ್ಲಿ ಅಡಗಿದೆ, ಹುಡುಕು” ಎನ್ನಿ. ಚೀಟಿಯಲ್ಲಿ ಚಿತ್ರವಿಲ್ಲ, ಆದರೂ ಆಟ ನಿಲ್ಲುವುದಿಲ್ಲ. ಇನ್ನೊಂದು ಉಪಾಯ ಇದೆ. ಬೇಕೆಂದೇ ತಪ್ಪು ಓದಿ. ಬೆಕ್ಕು ಎಂದಿದ್ದಲ್ಲಿ ‘ಎಮ್ಮೆ’ ಎನ್ನಿ. ಮಗು ನಿಮ್ಮನ್ನು ಹಿಡಿದೇ ಹಿಡಿಯುತ್ತದೆ. “ಎಮ್ಮೆ ಎಂದು ಬರೆದಿಲ್ಲವೇ? ಎಲ್ಲಿ, ತೋರಿಸು” ಎಂದರೆ ಅಕ್ಷರ ನೋಡದೆ ಗತಿಯಿಲ್ಲ.

ಇಂಗ್ಲಿಷ್ 26 ಅಕ್ಷರಕ್ಕೆ ಹೋಲಿಸಿ ಹೆದರುವವರಿಗೆ ಒಂದು ಲೆಕ್ಕ. ನಮ್ಮ ವ್ಯಂಜನ 34, ಸ್ವರ 13. ಕಾಗುಣಿತ ಒಂದಕ್ಕೇ 442 ರೂಪಗಳು, ಒತ್ತಕ್ಷರ ಬೇರೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಮ್ಮ ತರಬೇತಿಯಲ್ಲಿ ಓದಿದ್ದೆವು. ನಮ್ಮ ಮಕ್ಕಳ ಅಕ್ಷರಜ್ಞಾನ ನಾಲ್ಕನೇ ತರಗತಿಯಲ್ಲೂ ಬೆಳೆಯುತ್ತಲೇ ಇರುತ್ತದೆ ಎಂಬುದು ಅದರ ಸಾರ. ಐದೂವರೆಯ ಕೂಸಿಗೆ ಯಾಕೆ ಅವಸರ?

ಜಮಖಂಡಿ ಮನೆಪಾಠ
ಅಕ್ಕಾವರೇ, ನಿಮ್ಮ ನಲಿಕಲಿಯಿಂದಲೇ ಅರ್ಧ ತೊಂದರೆ. 2009ರಲ್ಲಿ ಯಾರೋ ಕಚೇರಿಯಲ್ಲಿ ಕುಳಿತು ಮಾಡಿದ ಪ್ರಯೋಗ. ಮೂರನೇ ತರಗತಿಯ ಹುಡುಗನಿಗೆ ‘ಅ’ದಿಂದ ‘ಳ’ದವರೆಗೆ ಕ್ರಮವಾಗಿ ಹೇಳಲು ಬರುವುದಿಲ್ಲ. ನಿಘಂಟು ನೋಡುವುದು ಹೇಗೆ ಅವನು?

ನಲಿಕಲಿ ಅಕ್ಕಾವರು, ಮುದ್ದೇಬಿಹಾಳ ತಾಲ್ಲೂಕು
2009-10 ಎಂದರೆ ಇಡೀ ರಾಜ್ಯಕ್ಕೆ ಬಂದ ವರ್ಷ ಸರ್. ಆರಂಭವಾದದ್ದು 1995ರಲ್ಲಿ, ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ. ಕಾರ್ಡುಗಳನ್ನು ಬರೆದವರು ತರಗತಿಯಲ್ಲಿ ನಿಂತು ಪಾಠ ಮಾಡುವ ಶಿಕ್ಷಕರೇ. ನಾವು ‘ರ, ಗ, ಸ, ದ, ಅ’ದಿಂದ ಹಿಡಿಯುತ್ತೇವೆ. ಐದೇ ಅಕ್ಷರ ಬಂದರೆ ಸರ, ದರ, ಅಗಸ, ಅರಸ, ದಸರ ಇಷ್ಟು ಪದ ಓದಬಹುದು. ನೀವು ‘ಅ, ಆ, ಇ, ಈ, ಉ’ ಐದನ್ನು ಕಲಿಸಿ, ಅದರಲ್ಲಿ ಒಂದು ಪದ ಮಾಡಿ ತೋರಿಸಿ. ನಿಘಂಟಿನ ಕ್ರಮ ಬೇಕು ಎಂಬುದನ್ನು ಒಪ್ಪುತ್ತೇನೆ, ಅದನ್ನು ಹಾಡಿನಲ್ಲಿ ಆಮೇಲೆ ಕಲಿಸಿದರೆ ಆಯಿತು.

ಅಥಣಿ ಹುಡುಗ
‘ಆಉ’ ಪದವಲ್ಲವೇ? ಪಂಪನ ಕಾಲದಲ್ಲಿ ಇದ್ದಿರಬಹುದು.

ಇಳಕಲ್ ಸೆರಗು
ತಮ್ಮಾ, ಸುಮ್ಮನಿರು.

ಗೋಳಗುಮ್ಮಟದ ನೆರಳು
ನಾನು ವಿಜಯಪುರದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದು ನಿವೃತ್ತನಾದವನು. ಚಿತ್ರದ ಮೇಲೆ ಸಿಟ್ಟು ಮಾಡಿಕೊಂಡವರಿಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ. ಯುರೋಪಿನಲ್ಲಿ ಕೊಮೆನಿಯಸ್ ಎಂಬ ಮಾಸ್ತರ 1658ರಲ್ಲಿ ಮಕ್ಕಳಿಗಾಗಿ ಚಿತ್ರಗಳ ಪಾಠಪುಸ್ತಕ ಮಾಡಿದ. ಅದರ ಆರಂಭದಲ್ಲಿ ಅಕ್ಷರಗಳನ್ನು ಪ್ರಾಣಿಗಳ ಕೂಗಿನಿಂದ ಕಲಿಸುತ್ತಾನೆ. ಕಾಗೆಯ ಚಿತ್ರ, ಅದರ ಕೂಗು, ಆ ಕೂಗಿನ ಅಕ್ಷರ. ಕುರಿಮರಿಯ ಚಿತ್ರ, ಅದರ ‘ಬೇ’, ಅದರ ಅಕ್ಷರ. ಅವನ ಜಾಣತನ ಇರುವುದು ಇಲ್ಲಿಯೇ. ಕೂಗು ಎಲ್ಲ ಊರಿನಲ್ಲೂ ಒಂದೇ, ಹೆಸರು ಊರಿಗೊಂದು. ನಮ್ಮ ಆಕಳನ್ನು ‘ಹ’ ಎಂದು ಕಲಿಸಲು ಹೋದರೆ ಮಗು ‘ಆ’ ಎನ್ನುತ್ತದೆ. ತಪ್ಪು ಮಗುವಿನದಲ್ಲ, ನಾಲಗೆಗೂ ಚಿತ್ರಕ್ಕೂ ತಾಳೆ ಹಾಕದೆ ಪುಸ್ತಕ ಮಾಡಿದವರದು. ನಾನಾಗಿದ್ದರೆ ‘ಟ’ಕ್ಕೆ ಟಗರು ಹಾಕುತ್ತಿದ್ದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಟಗರು ಗೊತ್ತಿಲ್ಲದ ಕೂಸು ಇದೆಯೇ?

ನಮ್ಮ ಭಾಗದ ಒಂದು ಕೊರತೆಯನ್ನೂ ಹೇಳಬೇಕು. ಸಿಸು ಸಂಗಮೇಶ, ಶಂ.ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ ಇವರೆಲ್ಲ ಈ ಜಿಲ್ಲೆಯ ಮಕ್ಕಳ ಕವಿಗಳು. ಪದ್ಯಕ್ಕೆ ನಮ್ಮಲ್ಲಿ ಬರವಿರಲಿಲ್ಲ. ಚಿತ್ರ ಮಾತ್ರ ಯಾವಾಗಲೂ ಕೊನೆಯ ಪಂಕ್ತಿಯ ಊಟ. ಪುಸ್ತಕ ಅಚ್ಚಿಗೆ ಹೋಗುವ ಹಿಂದಿನ ದಿನ ಯಾರನ್ನೋ ಹಿಡಿದು ಎರಡು ಹೂವು, ಒಂದು ಗಿಳಿ ಬರೆಯಿಸಿ ಮೂಲೆಗೆ ಅಂಟಿಸುತ್ತಿದ್ದರು. ಪದ್ಯದಲ್ಲಿ ಎತ್ತು ಇದ್ದರೂ ಚಿತ್ರದಲ್ಲಿ ಗಿಳಿ!

ಬಾಯಿಪಾಠವನ್ನು ಯಾರೂ ಕೀಳಾಗಿ ಕಾಣಬಾರದು. ನಾನು ಪದ್ಯವನ್ನು ಮೊದಲು ವಾರವೆಲ್ಲ ಹಾಡಿಸುತ್ತಿದ್ದೆ. ಎಲ್ಲರಿಗೂ ಬಂದ ಮೇಲೆ ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದು, ಹಾಡುತ್ತ ಹಾಡುತ್ತ ಪದಕ್ಕೊಂದು ಸಲ ಕೋಲು ಮುಟ್ಟಿಸುವುದು. ಬಾಯಿಗೆ ಗೊತ್ತಿದ್ದದ್ದನ್ನು ಕಣ್ಣು ಗುರುತು ಹಿಡಿಯುತ್ತದೆ. ನಡುವೆ ಒಂದು ಪದ ಅಳಿಸಿದರೆ ಇಡೀ ತರಗತಿ ಕೂಗುತ್ತಿತ್ತು, “ಗುರುಗಳೇ, ಅದು ಎಲ್ಲಿ ಹೋಯಿತು?”

ಶಹಾಪುರ ಗಲ್ಲಿ, ಬೆಳಗಾವಿ
ನಮ್ಮ ಮನೆಯ ಕಥೆ ಕೇಳಿದರೆ ನೀವು ಈರುಳ್ಳಿಯನ್ನು ಮರೆಯುತ್ತೀರಿ. ನಮ್ಮ ಅತ್ತೆಯವರು ಮರಾಠಿ, ನಾನು ಬೈಲಹೊಂಗಲದವಳು. ಮಗನಿಗೆ ಅದು ಅಜ್ಜಿಯ ಬಾಯಲ್ಲಿ ‘ಕಾಂದಾ’, ನನ್ನ ಬಾಯಲ್ಲಿ ‘ಉಳ್ಳಾಗಡ್ಡಿ’, ಪುಸ್ತಕದಲ್ಲಿ ‘ಈರುಳ್ಳಿ’, ಶಾಲೆಯಲ್ಲಿ ‘ಆನಿಯನ್’. ಒಂದು ಗಡ್ಡೆಗೆ ನಾಲ್ಕು ಹೆಸರು, ಸಿಪ್ಪೆ ಸುಲಿದಷ್ಟೂ ಹೆಸರು.

ಅದಕ್ಕೇ ನಾವು ಪದವೇ ಇಲ್ಲದ ಚಿತ್ರಪುಸ್ತಕಗಳನ್ನು ಹಿಡಿದೆವು. ಬರೀ ಚಿತ್ರಗಳಲ್ಲಿ ಕಥೆ ಸಾಗುತ್ತದೆ. ಅತ್ತೆಯವರು ಮಧ್ಯಾಹ್ನ ಮರಾಠಿಯಲ್ಲಿ ಹೇಳುತ್ತಾರೆ, ರಾತ್ರಿ ನಾನು ಕನ್ನಡದಲ್ಲಿ. ಅತ್ತೆಯ ಕಥೆಯಲ್ಲಿ ಆನೆಗೆ ಹಸಿವಾಗಿತ್ತು, ನನ್ನ ಕಥೆಯಲ್ಲಿ ಆನೆಗೆ ಸಿಟ್ಟು ಬಂದಿತ್ತು. ಮಗ ಇಬ್ಬರನ್ನೂ ಕೂರಿಸಿಕೊಂಡು ತೀರ್ಮಾನ ಮಾಡಿದ, “ಹಸಿವಾದದ್ದಕ್ಕೇ ಸಿಟ್ಟು ಬಂತು.” ಅತ್ತೆಗೆ ಕನ್ನಡ ಓದಲು ಬಾರದು, ಆದರೂ ಮೊಮ್ಮಗನಿಗೆ ಪುಸ್ತಕ ಹೇಳುವ ಸುಖ ತಪ್ಪಲಿಲ್ಲ. ಆಮೇಲೆ ಅವನು ಹೇಳಿದ ಸಾಲನ್ನು ನಾನು ಪುಟದ ಕೆಳಗೆ ಪೆನ್ಸಿಲ್‌ನಿಂದ ಬರೆಯತೊಡಗಿದೆ. ಅವನು ಮೊದಲು ಓದಿದ್ದು ಅವನದೇ ಮಾತನ್ನು.

ವಿಜಯಪುರ ಸ್ಟೇಷನ್ ರೋಡ್
ನಮ್ಮ ಮನೆಯಲ್ಲಿ ದಖನಿ ಉರ್ದು, ಮಗಳು ಕನ್ನಡ ಶಾಲೆ. ಕೊನೆಯ ಸಾಲು ಓದಿ ಈಗಲೇ ಪೆನ್ಸಿಲ್ ಹುಡುಕುತ್ತಿದ್ದೇನೆ ಅಕ್ಕಾ.

ಧಾರವಾಡಕ್ಕೆ ಹೋದ ಬಾದಾಮಿಯವನು
ಎಲ್ಲರೂ ಉಳ್ಳಾಗಡ್ಡಿಯ ಕಡೆ ನಿಂತಿದ್ದೀರಿ, ನಾನು ಸ್ವಲ್ಪ ಈರುಳ್ಳಿಯ ಕಡೆ ನಿಲ್ಲುತ್ತೇನೆ. ನಾಳೆ ಈ ಮಗು ಪತ್ರಿಕೆ ಓದಬೇಕು, ಪರೀಕ್ಷೆ ಬರೆಯಬೇಕು. ಅಲ್ಲಿ ‘ಹಸು’, ‘ಏಣಿ’, ‘ಕಡಲೆಕಾಯಿ’ ಎಂದೇ ಇರುತ್ತದೆ, ಯಾರೂ ನಮಗಾಗಿ ‘ಶೇಂಗಾ’ ಎಂದು ಅಚ್ಚು ಹಾಕುವುದಿಲ್ಲ. ಬೆಂಗಳೂರಿನ ಸಂದರ್ಶನವೊಂದರಲ್ಲಿ ನಾನು ಆಲೂಗಡ್ಡೆಗೆ ‘ಬಟಾಟಿ’ ಎಂದದ್ದಕ್ಕೆ ಎದುರಿಗಿದ್ದವರು ನಕ್ಕಿದ್ದು ಇನ್ನೂ ಮರೆತಿಲ್ಲ. ಹೊಸ ಪದ ಕಲಿಸುವುದಕ್ಕೇ ತಾನೇ ಪುಸ್ತಕ ಇರುವುದು? ಮನೆಯಲ್ಲಿ ಇಲ್ಲದ ಪದ ಪುಸ್ತಕದಲ್ಲಿ ಸಿಗಲಿ.

ಗೋಳಗುಮ್ಮಟದ ನೆರಳು
ತಮ್ಮಾ, ಅವರು ನಕ್ಕಿದ್ದಕ್ಕೆ ನೀನು ನಾಚಿದೆಯಲ್ಲ, ಅದು ನನಗೆ ನೋವು. ಆದರೂ ನಿನ್ನ ಮಾತಿನಲ್ಲಿ ಸತ್ಯ ಇದೆ. ಕಥೆಯ ಪುಸ್ತಕದಲ್ಲಿ ಹೊಸ ಪದ ಎಷ್ಟು ಬೇಕಾದರೂ ಬರಲಿ, ಕಡಲು ಬರಲಿ, ಹಲಸು ಬರಲಿ. ನಮ್ಮ ಮಕ್ಕಳು ಎರಡನ್ನೂ ಕಂಡಿಲ್ಲ, ಅದಕ್ಕೇ ಬರಬೇಕು. ಅಕ್ಷರ ಕಲಿಸುವ ಪುಸ್ತಕದ ಮಾತು ಬೇರೆ. ಅಲ್ಲಿ ಚಿತ್ರಕ್ಕೆ ಒಂದೇ ಕೆಲಸ, ಬಾಯಿಯಿಂದ ಸರಿಯಾದ ಮೊದಲ ಅಕ್ಷರ ಹೊರಡಿಸುವುದು. ಆ ಕೆಲಸ ಮಾಡದ ಚಿತ್ರ ಎಷ್ಟು ಚೆಂದವಿದ್ದರೂ ಉಪಯೋಗವಿಲ್ಲ.

ಜಮಖಂಡಿ ಮನೆಪಾಠ
ಮಾಸ್ತರರೇ, ಈ ಮಾತಿಗೆ ನನ್ನ ತಕರಾರಿಲ್ಲ.

ಹುನಗುಂದ ಹೊಲ
ಬಾದಾಮಿ ಅಣ್ಣಾ, ಪುಸ್ತಕಗಳ ಊಟವನ್ನಾದರೂ ಯಾರಾದರೂ ಬದಲಿಸಿ. ನಮ್ಮ ಮಗನ ಪುಸ್ತಕದಲ್ಲಿ ಅಮ್ಮ ಯಾವಾಗಲೂ ಇಡ್ಲಿ ಮಾಡುತ್ತಾಳೆ. ರೊಟ್ಟಿ ಬಡಿಯುವ ಸಪ್ಪಳ ಯಾವ ಪುಸ್ತಕದಲ್ಲೂ ಇಲ್ಲ. ಒಂದು ಪುಟದಲ್ಲಿ ಲಡ್ಡು ಇತ್ತು, ಮಗ “ಕರದಂಟು” ಎಂದ. ಅಮೀನಗಡ ಪಕ್ಕದಲ್ಲಿದ್ದರೆ ಇನ್ನೇನು ಹೇಳುತ್ತಾನೆ?

ಗೋಕಾಕ ಫಾಲ್ಸ್
ಕರದಂಟು ಎಂದರೆ ಗೋಕಾಕದ್ದು. ಅಮೀನಗಡದ್ದನ್ನು ಲಡ್ಡು ಎಂದೇ ಓದಲಿ, ಅಡ್ಡಿಯಿಲ್ಲ.

ಹುನಗುಂದ ಹೊಲ
ಓಹೋ, ಶುರುವಾಯಿತು.

ಇಳಕಲ್ ಸೆರಗು
ಇಬ್ಬರೂ ಒಂದೊಂದು ಕಿಲೋ ಕಳಿಸಿ, ನಾನು ತೀರ್ಪು ಹೇಳುತ್ತೇನೆ. ಈಗ ಪುಸ್ತಕದ ಮಾತಿಗೆ ಬನ್ನಿ.

ಪಂಚಾಯಿತಿ ಗ್ರಂಥಾಲಯದವನು
ಪುಸ್ತಕದ ಮಾತು ಬಂತಲ್ಲ, ಬೈಸಿಕೊಳ್ಳಲು ಸಿದ್ಧನಾಗಿ ಬರೆಯುತ್ತಿದ್ದೇನೆ. ನಾನು ರಾಯಬಾಗ ಕಡೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ. ‘ಓದುವ ಬೆಳಕು’ ಅಭಿಯಾನ 2020ರಲ್ಲಿ ಬಂತು, ಮಕ್ಕಳನ್ನು ಸದಸ್ಯರನ್ನಾಗಿ ಮಾಡಿದೆವು, ಈಗ ಫಲಕದ ಮೇಲೆ ‘ಅರಿವು ಕೇಂದ್ರ’ ಎಂದೂ ಬರೆಸಿದ್ದೇವೆ. ಚಿತ್ರಪುಸ್ತಕಗಳು ಬಂದವು. ನಾನು ಮಾಡಿದ್ದೇನು? ಗಾಜಿನ ಕಪಾಟಿನಲ್ಲಿ ಜೋಡಿಸಿ ಬೀಗ ಹಾಕಿದೆ. ಹರಿದು ಹೋದರೆ ಲೆಕ್ಕ ಕೊಡಬೇಕಾದವನು ನಾನು ಎಂಬ ಹೆದರಿಕೆ. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡಿ ಹೋಗುತ್ತಿದ್ದರು. ಸಂಜೆ ಗಾಜಿನ ತುಂಬ ಮೂಗಿನ ಗುರುತುಗಳನ್ನು ಒರೆಸುವುದೇ ನನಗೆ ಒಂದು ಕೆಲಸ.

ಒಂದು ದಿನ ಒರೆಸುವಾಗ ನನಗೇ ಹೇಸಿಗೆಯಾಯಿತು. ಸಂತೆಯಿಂದ ನೂಲಿನ ಹಗ್ಗ, ಬಟ್ಟೆ ಒಣಹಾಕುವ ಕ್ಲಿಪ್ ತಂದೆ. ಗೋಡೆಯ ಉದ್ದಕ್ಕೂ ನನ್ನ ಮೊಣಕಾಲಿನ ಎತ್ತರಕ್ಕೆ ಕಟ್ಟಿ, ಪುಸ್ತಕಗಳನ್ನು ಮುಖ ಕಾಣುವಂತೆ ತೂಗುಹಾಕಿದೆ. ಸಣ್ಣ ಮಕ್ಕಳು ಬೆನ್ನು ನೋಡಿ ಪುಸ್ತಕ ಆರಿಸುವುದಿಲ್ಲ, ಮುಖ ನೋಡಿಯೇ ಆರಿಸುತ್ತಾರೆ. ಆರು ತಿಂಗಳಲ್ಲಿ ಒಂಬತ್ತು ಪುಸ್ತಕ ಹರಿದವು. ಊರಿನ ಟೇಲರ್ ಒಬ್ಬರು ಬೆನ್ನಿಗೆ ಬಟ್ಟೆಪಟ್ಟಿ ಇಟ್ಟು ಹೊಲಿದುಕೊಟ್ಟರು, ಹಣ ಕೇಳಲಿಲ್ಲ. ಹೊಲಿದ ಪುಸ್ತಕಗಳಿಗೇ ಈಗ ಹೆಚ್ಚು ಬೇಡಿಕೆ, ಯಾಕೆಂದು ನನಗೆ ಅರ್ಥವಾಗಿಲ್ಲ.

ಗುಳೇದಗುಡ್ಡದ ಅವ್ವ
ಅಣ್ಣಾ, ಖಣದ ತುಂಡು, ಅದೇ ಕುಪ್ಪಸದ ಬಟ್ಟೆ, ಬೇಕಾದರೆ ಹೇಳಿ, ನಮ್ಮ ಊರಿನಿಂದ ಕಳಿಸುತ್ತೇನೆ. ಬೆನ್ನಿಗೆ ಖಣ ಹಾಕಿದ ಪುಸ್ತಕ ಹೇಗೆ ಕಾಣಬಹುದು!

ಪಂಚಾಯಿತಿ ಗ್ರಂಥಾಲಯದವನು
ಕಳಿಸಿ ಅಕ್ಕಾ. ಬೇಡ ಎನ್ನುವಷ್ಟು ಸಂಕೋಚ ನನಗಿಲ್ಲ.

ಝೆರಾಕ್ಸ್ ಅಂಗಡಿ, ಚಿಕ್ಕೋಡಿ
ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ ಎಂಬ ತಾಣ 2015ರಿಂದ ಇದೆ. ಕನ್ನಡದ ಚಿತ್ರಪುಸ್ತಕಗಳು ಬೇಕಾದಷ್ಟಿವೆ, ಹಣವಿಲ್ಲದೆ ಇಳಿಸಿಕೊಳ್ಳಬಹುದು. ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತ ಮಾಡಿದ್ದಾರೆ. ಮೊದಲ ಹಂತದಲ್ಲಿ ಪುಟಕ್ಕೆ ಒಂದೆರಡು ಸಣ್ಣ ಸಾಲು ಅಷ್ಟೆ. ಅಚ್ಚಾದ ಪುಸ್ತಕ ಬೇಕೆಂದರೆ ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳು ಕನ್ನಡದಲ್ಲಿ ಬರುತ್ತವೆ, ಬೆಲೆಯೂ ಕೈಗೆ ಎಟುಕುವಂತಿರುತ್ತದೆ.

ಈಗ ನನ್ನ ಕಸುಬಿನ ಗುಟ್ಟು. ಬಣ್ಣದ ಮುದ್ರಣ ದುಬಾರಿ, ಕಪ್ಪು-ಬಿಳುಪಿನಲ್ಲಿ ತೆಗೆಸಿ. ಮಕ್ಕಳೇ ಬಣ್ಣ ತುಂಬಲಿ. ಬಣ್ಣ ತುಂಬುವ ಅರ್ಧ ಗಂಟೆ ಅವರು ಆ ಪುಟದ ಮುಂದೆಯೇ ಕುಳಿತಿರುತ್ತಾರೆ, ಕೆಳಗಿನ ಸಾಲು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಮುಖ್ಯ ವಿಷಯ ಇನ್ನೊಂದಿದೆ. ಆ ಕಥೆಗಳ ಪರವಾನಗಿ ಮುಕ್ತವಾದದ್ದು, ಬರೆದವರ ಮತ್ತು ಚಿತ್ರ ಮಾಡಿದವರ ಹೆಸರು ಉಳಿಸಿಕೊಂಡು ಪದ ಬದಲಿಸಿದರೂ ಅಭ್ಯಂತರವಿಲ್ಲ. ‘ಈರುಳ್ಳಿ’ ತೆಗೆದು ‘ಉಳ್ಳಾಗಡ್ಡಿ’ ಹಾಕಿಕೊಳ್ಳಿ.

ಧಾರವಾಡಕ್ಕೆ ಹೋದ ಬಾದಾಮಿಯವನು
ತೆಗೆಯುವುದು ಯಾಕೆ? ಎರಡೂ ಇರಲಿ. ಮೇಲೆ ಒಂದು, ಕೆಳಗೆ ಒಂದು.

ಹೊಸ ತಂದೆ, ಬಾಗಲಕೋಟೆ ನವನಗರ
ಮಗನಿಗೆ ಎರಡು ವರ್ಷ, ಈಗಿನಿಂದಲೇ ತಯಾರಿ. 1988ರಲ್ಲಿ ಅಮೆರಿಕದ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಒಂದು ಪರೀಕ್ಷೆ ಮಾಡಿದ್ದರು. ಒಂದು ಗುಂಪಿನ ತಂದೆತಾಯಿ ಚಿತ್ರಪುಸ್ತಕವನ್ನು ಸುಮ್ಮನೆ ಓದಿ ಹೇಳಿದರು. ಇನ್ನೊಂದು ಗುಂಪಿನವರು ನಡುನಡುವೆ “ಇವನು ಏನು ಮಾಡುತ್ತಿದ್ದಾನೆ, ಯಾಕೆ” ಎಂದು ಕೇಳಿ ಮಗುವಿನಿಂದಲೇ ಹೇಳಿಸಿದರು. ಒಂದು ತಿಂಗಳಲ್ಲೇ ಎರಡನೇ ಗುಂಪಿನ ಮಕ್ಕಳು ಮುಂದೆ ಹೋಗಿದ್ದರು. ಆದ್ದರಿಂದ ಚಿತ್ರಪುಸ್ತಕದಿಂದ ಓದು ಬೇಗ ಬರುತ್ತದೆ ಎಂಬುದು ಸಾಬೀತಾಗಿದೆ.

ನಲಿಕಲಿ ಅಕ್ಕಾವರು, ಮುದ್ದೇಬಿಹಾಳ ತಾಲ್ಲೂಕು
ಒಂದು ತಿದ್ದುಪಡಿ ಸರ್. ಆ ಮಕ್ಕಳು ಮುಂದೆ ಹೋದದ್ದು ಮಾತಿನಲ್ಲಿ, ಅಕ್ಷರ ಓದುವುದರಲ್ಲಿ ಅಲ್ಲ. ಅವರೂ ಎರಡು-ಮೂರು ವರ್ಷದ ಕೂಸುಗಳು. ಮಾತು ಬೆಳೆದರೆ ಓದಿದ್ದು ಮುಂದೆ ಅರ್ಥವಾಗುತ್ತದೆ, ಅದು ಸಣ್ಣ ಲಾಭವಲ್ಲ. ಅಕ್ಷರವನ್ನು ಮಾತ್ರ ಬೇರೆಯಾಗಿಯೇ ಕಲಿಸಬೇಕು. ನೀವು ಈಗ ಪ್ರಶ್ನೆ ಕೇಳುತ್ತಾ ಓದಿ, ಅಕ್ಷರದ ಯೋಚನೆ ಬೇಡ.

ಅಥಣಿ ಹುಡುಗ
ಎರಡು ವರ್ಷದವನು ಪುಸ್ತಕ ತಿನ್ನುತ್ತಾನೆ, ಓದುವುದಿಲ್ಲ. ನಮ್ಮ ಅಕ್ಕನ ಮಗ ಒಂದು ಹುಲಿಯನ್ನು ಪೂರ್ತಿ ತಿಂದಿದ್ದಾನೆ.

ಬನಹಟ್ಟಿ ಮಗ್ಗ
ಮೊಬೈಲಿನಲ್ಲಿ ಕಥೆ ಓದಿ ಹೇಳುವ ವಿಡಿಯೊ ಇವೆಯಲ್ಲ, ಅವುಗಳಿಂದ ಆಗುವುದಿಲ್ಲವೇ? ನಮಗೆ ಮಗ್ಗದಿಂದ ಏಳಲು ಆಗುವುದಿಲ್ಲ.

ಶಹಾಪುರ ಗಲ್ಲಿ, ಬೆಳಗಾವಿ
ವಿಡಿಯೊ ತಾನೇ ಪುಟ ತಿರುವುತ್ತದೆ ಅಣ್ಣಾ, ಮಗು ಕೇಳಿದ ಪ್ರಶ್ನೆಗೆ ನಿಲ್ಲುವುದಿಲ್ಲ. ನೀವು ಏಳಬೇಡಿ. ಮಗುವನ್ನೇ ಮಗ್ಗದ ಪಕ್ಕ ಕೂರಿಸಿ, ಚಿತ್ರ ನೋಡಿ ನಿಮಗೆ ಕಥೆ ಹೇಳಲಿ. ನೀವು ಕೈಕೆಲಸ ಬಿಡದೆ “ಆಮೇಲೆ?” ಎನ್ನುತ್ತಿರಿ.

ಬನಹಟ್ಟಿ ಮಗ್ಗ
ಮಗ್ಗದ ಸಪ್ಪಳದಲ್ಲಿ ಕೂಗಿ ಹೇಳಬೇಕಾಗುತ್ತದೆ. ಕೂಗಲು ಅವನಿಗೆ ಇಷ್ಟವೇ. ನೋಡುತ್ತೇನೆ.

ಗುಳೇದಗುಡ್ಡದ ಅವ್ವ
ಎರಡು ವಾರ ಬಿಟ್ಟು ಬಂದಿದ್ದೇನೆ, ಕ್ಷಮಿಸಿ. ಪುಸ್ತಕ ಕಪಾಟಿಗೆ ಹೋಗಲಿಲ್ಲ. ಚೀಟಿಯ ಆಟ ಆಡಿದೆವು. ಮೊದಲ ಎರಡು ದಿನ ಸರಿಯಾಗಿ ಹುಡುಕಿದಳು, ಮೂರನೇ ದಿನ ಚೀಟಿಯನ್ನು ದೋಣಿ ಮಾಡಿದಳು. ಬೇಕೆಂದೇ ತಪ್ಪು ಓದುವುದು ಮಾತ್ರ ಭಾರಿ ಹಿಡಿಸಿದೆ, ಈಗ ಅವಳೂ ನನಗೆ ಬೇಕೆಂದೇ ತಪ್ಪು ಹೇಳುತ್ತಾಳೆ. ಯಾವುದು ಬೇಕೆಂದು, ಯಾವುದು ನಿಜವಾದ ತಪ್ಪು ಎಂಬುದು ನನಗೆ ತಿಳಿಯುತ್ತಿಲ್ಲ.

ಬಾದಾಮಿಯವರು ಹೇಳಿದಂತೆ ಅಕ್ಷರಮಾಲೆಯ ಪುಸ್ತಕದಲ್ಲಿ ‘ಈರುಳ್ಳಿ’ಯ ಕೆಳಗೆ ನಾನು ಸ್ಕೆಚ್ ಪೆನ್ನಿನಿಂದ ದಪ್ಪಗೆ ‘ಉಳ್ಳಾಗಡ್ಡಿ’ ಎಂದು ಬರೆದೆ. ನಿನ್ನೆ ರಾತ್ರಿ ಬಹಳ ಹೊತ್ತು ಎರಡನ್ನೂ ನೋಡುತ್ತಾ ಕುಳಿತಿದ್ದಳು. ಆಮೇಲೆ ಮೇಲಿನ ಪದದ ‘ಳ್ಳಿ’ಯ ಮೇಲೆ ಒಂದು ಬೆರಳು, ಕೆಳಗಿನ ಪದದ ‘ಳ್ಳಾ’ದ ಮೇಲೆ ಇನ್ನೊಂದು ಬೆರಳು ಇಟ್ಟು, “ಅವ್ವಾ, ಇದರ ಮರಿ ಇಲ್ಲಿಯೂ ಇದೆ” ಎಂದಳು. ಒತ್ತಕ್ಷರಕ್ಕೆ ಅವಳು ‘ಮರಿ’ ಎನ್ನುತ್ತಾಳೆ, ತಾಯಿಯ ಕಾಲ ಬಳಿ ಕುಳಿತಿರುತ್ತದೆ ಎಂದು. ನಾನು ಒತ್ತಕ್ಷರ ಹೇಳಿಕೊಟ್ಟೇ ಇಲ್ಲ. ಮೈದುನನಿಗೆ ಫೋನ್ ಮಾಡಿ ಹೇಳಿದೆ. ಅವನು “ಚಿತ್ರ ಮುಚ್ಚಿದ್ದಿರಾ?” ಎಂದು ಕೇಳಿದ.

ಜಮಖಂಡಿ ಮನೆಪಾಠ
‘ಮರಿ’ ಎಂಬ ಹೆಸರು ಚೆನ್ನಾಗಿದೆ. ನಾಳೆಯಿಂದ ನನ್ನ ಮನೆಪಾಠದಲ್ಲಿ ಬಳಸಿಕೊಳ್ಳುತ್ತೇನೆ, ಮಗಳಿಗೆ ತಿಳಿಸಿ. ‘ಗಡ್ಡಿ’ಯಲ್ಲಿ ಇನ್ನೊಂದು ಮರಿ ಇದೆಯಲ್ಲ, ಅದನ್ನು ಕಂಡಳೇ?

ಗುಳೇದಗುಡ್ಡದ ಅವ್ವ
ಕಂಡಿದ್ದಾಳೆ ಸರ್. ಅದು ಬೇರೆಯವರ ಮರಿಯಂತೆ.

ಪಂಚಾಯಿತಿ ಗ್ರಂಥಾಲಯದವನು
ಅಕ್ಕಾ, ಖಣ ಬಂದು ಮುಟ್ಟಿತು.